ಜೆರ್ಡನ್ ಹೆಸರಿನ ಫಾರ್ವರ್ಡು, ಮನೆ ಗುಂಪಿನ ವಾದ

ಚಿಕ್ಕಪ್ಪ: (ಫಾರ್ವರ್ಡ್) "ಹಕ್ಕಿಗಳಿಗೆ ತಮ್ಮದೇ ಹೆಸರಿಟ್ಟುಕೊಂಡ ಬ್ರಿಟಿಷರಿಗೆ ವಿದಾಯ! ಜಗತ್ತಿನಲ್ಲೆಲ್ಲ ಇಂಥ ಹೆಸರು ರದ್ದು. ಜೆರ್ಡನ್ಸ್ ಕೋರ್ಸರ್, ಬ್ಲೈತ್ಸ್ ರೀಡ್ ವಾರ್ಬ್ಲರ್ ಅನ್ನೋ ಹೆಸರು ಇನ್ನಿಲ್ಲ."

ಸುಮಾ: ಚಿಕ್ಕಪ್ಪ, ಇದನ್ನ ಬೇರೆ ಗುಂಪಿಗೆ ಕಳಿಸಬೇಡಿ. ಬದಲಿಸ್ತೀವಿ ಅಂದಿದ್ದು ಅಮೆರಿಕದ ಹಕ್ಕಿ ವಿಜ್ಞಾನಿಗಳ ಸಂಘ, ಅಮೆರಿಕನ್ ಆರ್ನಿಥಾಲಜಿಕಲ್ ಸೊಸೈಟಿ, 2023ರ ನವೆಂಬರಲ್ಲಿ. ಅದೂ ಇಂಗ್ಲಿಷ್ ಹೆಸರು ಮಾತ್ರ. ಮೊದಲ ಕಂತಿನಲ್ಲಿ ಅಮೆರಿಕ, ಕೆನಡಾದ 70–80 ಹಕ್ಕಿ. ವೈಜ್ಞಾನಿಕ ಹೆಸರು ಅಲ್ಲಾಡಲ್ಲ. 2020ರಲ್ಲಿ ಮೆಕೌನ್ಸ್ ಲಾಂಗ್‌ಸ್ಪರ್ ಹೋಗಿ ಥಿಕ್‌ಬಿಲ್ಡ್ ಲಾಂಗ್‌ಸ್ಪರ್ ಆಯ್ತು, ಲ್ಯಾಟಿನ್ನಿನ ‘ಮೆಕೌನಿ’ ಹಾಗೇ ಇದೆ.

ಚಿಕ್ಕಪ್ಪ: ತಮ್ಮ ಹೆಸರು ತಾವೇ ಇಟ್ಟುಕೊಂಡಿದ್ದು ಸುಳ್ಳಾ ಹಾಗಾದ್ರೆ?

ರಘು: ಸುಳ್ಳೇ. ಜೆರ್ಡನ್ ಅಂದ್ರೆ ಭಾರತದ ಹಕ್ಕಿಗಳನ್ನ ಅಧ್ಯಯನ ಮಾಡಿದ ಬ್ರಿಟಿಷ್ ವೈದ್ಯ. ಕೋರ್ಸರನ್ನ 1848ರಲ್ಲಿ ಮೊದಲು ವಿವರಿಸಿದ್ದು ಅವರಲ್ಲ, ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿ ಮ್ಯೂಸಿಯಮ್ಮಿನ ಎಡ್ವರ್ಡ್ ಬ್ಲೈತ್. ಇಟ್ಟ ಹೆಸರು ‘ಬೈಟಾರ್ಕ್ವಾಟಸ್’, ಎರಡು ಕೊರಳಪಟ್ಟಿಯದ್ದು ಅಂತ. ಜೆರ್ಡನ್ ಬರೋದು ಇಂಗ್ಲಿಷಲ್ಲಿ ಮಾತ್ರ. ಜೆರ್ಡನ್ಸ್ ಲೀಫ್‌ಬರ್ಡ್ ಅನ್ನೋ ಎಲೆಹಕ್ಕಿಯ ಲೆಕ್ಕ ಬೇರೆ, ಅದರ ವೈಜ್ಞಾನಿಕ ಹೆಸರಲ್ಲೇ ಜೆರ್ಡನ್ ಇದ್ದಾರೆ: ಕ್ಲೋರಾಪ್ಸಿಸ್ ಜೆರ್ಡನಿ (ಬ್ಲೈತ್, 1844). ಬ್ಲೈತ್ ಹೆಸರಿನ ವಾರ್ಬ್ಲರಿಗೆ 1849ರಲ್ಲಿ ಬ್ಲೈತೇ ಕೊಟ್ಟ ಹೆಸರು ‘ಡ್ಯುಮೆಟೋರಮ್’, ಪೊದೆಗಳದ್ದು. ಅದರಲ್ಲಿ ಅವರ ಸುಳಿವೇ ಇಲ್ಲ.

ಸುಮಾ: ಆ ಕಂಸದಲ್ಲೇ ಜನ ಎಡವೋದು. ಒಳಗಿರೋರು ಹೆಸರು ಕೊಟ್ಟವರು, ಗೌರವ ಪಡೆದವರಲ್ಲ. ಕಂಸ ಯಾಕೆ ಅಂದ್ರೆ, ಅವರು ಮೊದಲು ಸೇರಿಸಿದ್ದ ಕುಲ (ಹತ್ತಿರದ ಪ್ರಭೇದಗಳ ಗುಂಪು, ಹೆಸರಿನ ಮೊದಲ ಪದ) ಆಮೇಲೆ ಬದಲಾಗಿದೆ. ಗೌರವ ಯಾರಿಗೆ ಅನ್ನೋದಕ್ಕೆ ವೈಜ್ಞಾನಿಕ ಹೆಸರಿನ ಎರಡನೇ ಪದದ ಕೊನೆ ನೋಡಿ: ಗಂಡಸಾದ್ರೆ ‘ಇ’, ಹೆಂಗಸಾದ್ರೆ ‘ಏ’. ಟಿಕೆಲ್ಸ್ ಬ್ಲೂ ಫ್ಲೈಕ್ಯಾಚರ್ ‘ಟಿಕೆಲ್ಲಿಯೇ’. ಎಲ್ಲರೂ ಅದನ್ನ ಸ್ಯಾಮ್ಯುಯೆಲ್ ಟಿಕೆಲ್ ಹೆಸರು ಅಂದ್ಕೊಳ್ತಾರೆ, ಆದರೆ ಬ್ಲೈತ್ ಬರೆದಿದ್ದು ಹೆಣ್ಣು ರೂಪ.

ಚಿಕ್ಕಪ್ಪ: ಏನೇ ಹೇಳಿ, ನಮ್ಮವರ ಹೆಸರೆಲ್ಲಿದೆ?

ರಘು: ಸಲೀಂ ಅಲಿ ಇದ್ದಾರಲ್ಲ! 1958ರಲ್ಲಿ ಬ್ರಿಟಿಷ್ ಹಕ್ಕಿ ವಿಜ್ಞಾನಿ ಡೇವಿಡ್ ಲ್ಯಾಕ್ ಒಂದು ಸ್ವಿಫ್ಟ್ ಹಕ್ಕಿಗೆ ‘ಸಲೀಮಲಿಇ’ ಅಂತ ಇಟ್ಟರು. 2016ರಲ್ಲಿ ಹಿಮಾಲಯದ ಕಾಡು ತ್ರಷ್‌ ಹೊಸ ಪ್ರಭೇದ ಅಂತ ಗೊತ್ತಾದಾಗ ಅದಕ್ಕೂ ಅವರದೇ ಹೆಸರು.

ಚಿಕ್ಕಪ್ಪ: ಅವರು ದೊಡ್ಡವರು, ಒಪ್ಪಿದೆ. ಕೋರ್ಸರ್ ನಿರ್ನಾಮ ಆಯ್ತು ಅಂದ್ಕೊಂಡಿದ್ರಲ್ಲ, 1986ರಲ್ಲಿ ಕಡಪದ ಕುರುಚಲಲ್ಲಿ ಮತ್ತೆ ಹಿಡಿದು ತೋರಿಸಿದ್ದು ಊರಿನ ಬೇಟೆಗಾರ. ಆ ಕಡೆ ತೆಲುಗಿನಲ್ಲಿ ಅದಕ್ಕೆ ‘ಕಲಿವಿ ಕೋಡಿ’ ಅಂತಾರೆ. ಇಂಗ್ಲಿಷಲ್ಲೂ ಅದೇ ಇರಲಿ ಅಂತ ನನ್ನ ವಾದ.

ಸುಮಾ: ಅದಕ್ಕೆ ನನ್ನದೂ ಒಪ್ಪಿಗೆ. ಆದರೆ ಪಟ್ಟಿ ಬರೆಯೋವಾಗ ಪಕ್ಕದಲ್ಲಿ ವೈಜ್ಞಾನಿಕ ಹೆಸರು ‘ರೈನಾಪ್ಟಿಲಸ್ ಬೈಟಾರ್ಕ್ವಾಟಸ್’ ಇರಲೇಬೇಕು. ಇಲ್ಲದಿದ್ರೆ ಹಳೇ ದಾಖಲೆ ಒಂದು ಹಕ್ಕಿ, ಹೊಸದು ಇನ್ನೊಂದು ಹಕ್ಕಿ ಆಗಿಬಿಡುತ್ತೆ. ಈ ಫಾರ್ವರ್ಡ್ ಮಾತ್ರ ಡಿಲೀಟ್ ಮಾಡಿ ಚಿಕ್ಕಪ್ಪ.

ರಘು: ‘ಡಿಲೀಟ್ ಫಾರ್ ಎವ್ರಿವನ್’ ಒತ್ತಿ.