ಘಾಟಿ ಇಳಿಯುವಾಗ ವ್ಯಾನಿನ ಬ್ರೇಕ್ ಪೆಡಲು ಮೆತ್ತಗಾಗುತ್ತದೆ, ತಣ್ಣಗಾದರೆ ಸರಿಹೋಗುತ್ತದೆ: ಕಾರಣವೇನು?

ಮೂಡಿಗೆರೆ_ಸರಕು:

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಿಂದ ಮಂಗಳೂರಿಗೆ ತರಕಾರಿ ಸಾಗಿಸುವ ನಮ್ಮ ವ್ಯಾನಿನ ಬ್ರೇಕಿನ ಬಗ್ಗೆ ತಿಳಿದವರ ಸಲಹೆ ಬೇಕಾಗಿದೆ. ಗಾಡಿ ಬಿಎಸ್ 4 ಕಾಲದ ಡೀಸೆಲ್ ವ್ಯಾನು. ಮುಚ್ಚಿದ ಬಾಡಿ, ಐದು ಗೇರು, ಮುಂದೆ ಡಿಸ್ಕು, ಹಿಂದೆ ಡ್ರಮ್ಮು, ಹಿಂದಿನ ಆಕ್ಸಲ್‌ಗೆ ಲೀಫ್ ಸ್ಪ್ರಿಂಗು. ಬ್ರೇಕು ಒತ್ತಿದಾಗ ಚಕ್ರ ಜಾಮಾಗದಂತೆ ತಡೆಯುವ ಎಬಿಎಸ್ ಇಲ್ಲ. ಲೋಡು ಸೇರಿ ಒಟ್ಟು ತೂಕ ಮೂರು ಟನ್ನಿನ ಆಸುಪಾಸು.

ಬಯಲು ರಸ್ತೆಯಲ್ಲಿ ಯಾವ ದೂರೂ ಇಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯತೊಡಗಿ ಅರ್ಧ ದಾರಿ ಕಳೆಯುವಷ್ಟರಲ್ಲಿ ಪೆಡಲು ಎಂದಿಗಿಂತ ಹೆಚ್ಚು ಕೆಳಗಿಳಿಯುತ್ತದೆ ಮತ್ತು ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಹೊಡೆಯುತ್ತದೆ. ಗಾಡಿಯನ್ನು ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಬಿಟ್ಟರೆ ಪೆಡಲು ಮೊದಲಿನಂತಾಗುತ್ತದೆ. ಗ್ಯಾರೇಜಿನಲ್ಲಿ ಮುಂದಿನ ಪ್ಯಾಡುಗಳನ್ನೂ ಮಾಸ್ಟರ್ ಸಿಲಿಂಡರನ್ನೂ (ಪೆಡಲಿನ ಒತ್ತಡವನ್ನು ಬ್ರೇಕ್ ಆಯಿಲಿಗೆ ದಾಟಿಸುವ ಭಾಗ) ಹೊಸದಾಗಿ ಹಾಕಿಕೊಟ್ಟರು, ಫಲ ಕಾಣಲಿಲ್ಲ. ಡಬ್ಬಿಯಲ್ಲಿರುವ ಬ್ರೇಕ್ ಆಯಿಲ್ ಸ್ವಚ್ಛವಾಗಿಯೇ ಇದೆ.

ನಮ್ಮ ಚಾಲಕರು ಅನುಭವಸ್ಥರು. ಘಾಟಿಯನ್ನು ನಾಲ್ಕನೇ ಗೇರಿನಲ್ಲಿ, ಬ್ರೇಕನ್ನು ಹಗುರಾಗಿ ಒತ್ತಿಕೊಂಡೇ ಇಳಿಸುತ್ತಾರೆ; ನೇರವಾದ ಇಳಿಜಾರು ಸಿಕ್ಕಾಗ ಡೀಸೆಲ್ ಉಳಿಯಲೆಂದು ನ್ಯೂಟ್ರಲ್‌ಗೆ ಹಾಕುವುದೂ ಉಂಟು. ಚಿಕ್ಕ ಗೇರಿನಲ್ಲಿ ಇಳಿಸಿದರೆ ಇಂಜಿನ್ನು ಕೂಗಾಡಿ ಬೇಗ ಸವೆಯುತ್ತದೆ ಎಂಬುದು ಅವರ ಅಭಿಪ್ರಾಯ. ಪರಿಚಯದ ಮತ್ತೊಬ್ಬರು, ವಾಸನೆ ಬಂದ ಕೂಡಲೇ ಚಕ್ರಗಳಿಗೆ ನೀರು ಸುರಿಯಿರಿ ಎನ್ನುತ್ತಾರೆ. ಇವುಗಳಲ್ಲಿ ಯಾವುದು ಸರಿ, ಯಾವುದು ಸಲ್ಲದು, ಮತ್ತು ಮೂಲ ದೋಷ ಗಾಡಿಯಲ್ಲಿದೆಯೋ ಓಡಿಸುವ ರೀತಿಯಲ್ಲಿದೆಯೋ ಎಂಬುದನ್ನು ದಯವಿಟ್ಟು ತಿಳಿಸಿ.

ಸ್ಪ್ಯಾನರ್_14:

ಮೊದಲು ಒಂದು ವಿಷಯ ಖಚಿತವಾಗಬೇಕು. ತೊಂದರೆ ಕಾಣಿಸಿಕೊಂಡಾಗ ಪೆಡಲು ಗಟ್ಟಿಯಾಗಿದ್ದೂ ಗಾಡಿ ನಿಲ್ಲುವುದಿಲ್ಲವೋ, ಅಥವಾ ಪೆಡಲೇ ಸ್ಪಂಜಿನಂತೆ ಕುಸಿಯುತ್ತದೆಯೋ? ಈ ಎರಡನ್ನೂ ಜನ ‘ಬ್ರೇಕ್ ಹೋಯಿತು’ ಎಂದೇ ಹೇಳುತ್ತಾರಾದರೂ ಕಾರಣಗಳು ಬೇರೆ ಬೇರೆ. ಪೆಡಲು ಗಟ್ಟಿಯಾಗಿದ್ದು ಹಿಡಿತ ಮಾತ್ರ ಕಡಿಮೆಯಾಗಿದ್ದರೆ, ಡಿಸ್ಕಿನ ಪ್ಯಾಡು ಅಥವಾ ಡ್ರಮ್ಮಿನ ಲೈನಿಂಗಿನ ವಸ್ತು ಅತಿಯಾಗಿ ಕಾದು ಘರ್ಷಣೆ ಕಳೆದುಕೊಂಡಿದೆ ಎಂದರ್ಥ. ಪೆಡಲು ಮೆತ್ತಗಾಗಿ ಕೆಳಗಿಳಿದರೆ ಬ್ರೇಕ್ ಆಯಿಲ್ ಕುದಿದಿದೆ. ದ್ರವವನ್ನು ಒತ್ತಿದರೆ ಅದು ಕುಗ್ಗದೆ ಒತ್ತಡವನ್ನು ಚಕ್ರಕ್ಕೆ ದಾಟಿಸುತ್ತದೆ. ಅದೇ ಕುದಿದು ಆವಿಯ ಗುಳ್ಳೆಗಳಾದರೆ ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆಗಳನ್ನು ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗುವುದರಿಂದ ಪೆಡಲು ತಾನಾಗಿಯೇ ಸರಿಹೋದಂತೆ ಕಾಣುತ್ತದೆ. ನಿಮ್ಮ ವಿವರಣೆ ಈ ಎರಡನೆಯದಕ್ಕೆ ಹೊಂದುತ್ತದೆ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿ. ಡಾಟ್ 4ಕ್ಕೆ ಇವು ಕ್ರಮವಾಗಿ 230 ಮತ್ತು 155. ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ಬದಲಾಯಿಸದೆ ಓಡಿಸಿದ ಗಾಡಿಯ ಆಯಿಲ್, ಘಾಟಿಯಲ್ಲಿ ಕಾದ ಕ್ಯಾಲಿಪರಿನೊಳಗೆ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಕುದಿಯುವುದು ಆಶ್ಚರ್ಯವೇನಲ್ಲ. ಡಬ್ಬಿಯಲ್ಲಿ ಕಾಣುವ ಆಯಿಲ್ ಸ್ವಚ್ಛವಾಗಿದೆ ಎಂಬುದು ಇಲ್ಲಿ ಸಾಕ್ಷಿಯಾಗುವುದಿಲ್ಲ. ಮಾಸ್ಟರ್ ಸಿಲಿಂಡರ್ ಬದಲಿಸಿದವರು ಮೇಲಿನಿಂದ ಹೊಸದನ್ನು ತುಂಬಿ, ಏರ್ ತೆಗೆದು, ಪೆಡಲು ಗಟ್ಟಿಯಾದ ಕೂಡಲೇ ಕೆಲಸ ಮುಗಿಸುವುದು ವಾಡಿಕೆ. ಕ್ಯಾಲಿಪರಿನಲ್ಲಿರುವ ಹಳೆಯ ಆಯಿಲ್ ಅಲ್ಲಿಯೇ ಉಳಿದಿರುತ್ತದೆ. ನಾಲ್ಕೂ ಚಕ್ರಗಳಿಂದ ಹಳೆಯದೆಲ್ಲ ಹೊರಬಂದು ಹೊಸದು ಕಾಣುವವರೆಗೆ ತೆಗೆಸಬೇಕು. ಮುಚ್ಚಳದ ಮೇಲೆ ಯಾವ ದರ್ಜೆ ಬರೆದಿದೆಯೋ ಅದನ್ನೇ, ಸೀಲು ಒಡೆಯದ ಡಬ್ಬಿಯಿಂದಲೇ ಹಾಕಿಸಿ.

ನೀರು ಸುರಿಯುವುದು ಖಂಡಿತ ಬೇಡ. ಕೆಂಪಗೆ ಕಾದ ಡಿಸ್ಕು ಒಮ್ಮೆಲೇ ತಣ್ಣಗಾದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಗಾಳಿಗೆ ತಣಿಯಲು ಬಿಡುವುದೊಂದೇ ದಾರಿ.

ಕರಾವಳಿ_ಚಾಲಕ:

ಆಯಿಲ್ ಬದಲಿಸಿದರೂ ಇಳಿಸುವ ಕ್ರಮ ಹೀಗೆಯೇ ಮುಂದುವರಿದರೆ ತೊಂದರೆ ಮತ್ತೆ ಬರುತ್ತದೆ, ಆದ್ದರಿಂದ ಗೇರಿನ ವಿಷಯವನ್ನು ಬಿಡಿಸಿ ಹೇಳುತ್ತೇನೆ. ಮೂರು ಟನ್ನಿನ ಗಾಡಿ 500 ಮೀಟರ್ ಎತ್ತರವನ್ನು ಇಳಿದರೆ ಸುಮಾರು 14.7 ಮೆಗಾಜೂಲ್ ಶಕ್ತಿ ಎಲ್ಲಿಯಾದರೂ ಖರ್ಚಾಗಲೇಬೇಕು; 45 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಶಾಖ ಸಾಕು. ನಾಲ್ಕನೇ ಗೇರಿನಲ್ಲಿ ಇಂಜಿನ್ನಿನ ತಡೆ ಅತ್ಯಲ್ಪವಾದ್ದರಿಂದ ಇದರ ಬಹುಪಾಲು ಬ್ರೇಕಿನ ಮೇಲೆಯೇ ಬೀಳುತ್ತದೆ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಂಜಿನ್ನು ವೇಗವಾಗಿ ತಿರುಗಬೇಕಾಗಿ ಬಂದು, ಗಾಡಿಯನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ, ಮತ್ತು ಆ ಶಾಖ ರೇಡಿಯೇಟರ್ ಹಾಗೂ ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತದೆ. ಡೀಸೆಲ್ ಇಂಜಿನ್ನಿನ ಈ ತಡೆ ಪೆಟ್ರೋಲ್ ಇಂಜಿನ್ನಿನದಕ್ಕಿಂತ ಸ್ವಲ್ಪ ಕಡಿಮೆಯೇ. ಎಕ್ಸಾಸ್ಟ್ ಬ್ರೇಕ್ (ಹೊಗೆ ಕೊಳವೆಯನ್ನು ಮುಚ್ಚಿ ಇಂಜಿನ್ನಿನ ತಡೆ ಹೆಚ್ಚಿಸುವ ಸಾಧನ) ಇಲ್ಲದ ಸಣ್ಣ ವ್ಯಾನಿನಲ್ಲಿ ಗೇರು ಸಾಕಷ್ಟು ಚಿಕ್ಕದಿರಬೇಕೆನ್ನುವುದು ಇದೇ ಕಾರಣಕ್ಕೆ.

ಇಂಜಿನ್ನಿನ ಸದ್ದು ಏರಿತೆಂದರೆ ಅದು ಸವೆಯುತ್ತಿದೆ ಎಂದಲ್ಲ. ಆರ್‌ಪಿಎಂ ಮುಳ್ಳು ಕೆಂಪು ಗೆರೆಯನ್ನು ಮುಟ್ಟದಿದ್ದರಾಯಿತು. ಮುಟ್ಟುವಂತಾದರೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಇನ್ನೊಂದು ಗೇರು ಕೆಳಗೆ ಹಾಕಬೇಕು. ಇಳಿಜಾರಿನ ನಡುವೆ ವೇಗ ಏರಿದ ಮೇಲೆ ಗೇರು ಕೂರಿಸಲು ಹೋದರೆ ಅದು ಕೂರದೆ ಗಾಡಿ ನ್ಯೂಟ್ರಲ್‌ನಲ್ಲಿ ಉಳಿದುಬಿಡುವ ಅಪಾಯವಿದೆ. ಆದ್ದರಿಂದ ಗೇರಿನ ತೀರ್ಮಾನ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟಾಗಲೇ, ಇಳಿಜಾರು ಆರಂಭವಾಗುವ ಮುನ್ನವೇ ಆಗಿರಬೇಕು. ಅದೇ ಲೋಡಿನಲ್ಲಿ ಆ ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರು, ಇಲ್ಲವೇ ಅದಕ್ಕಿಂತ ಒಂದು ಚಿಕ್ಕದು, ಎಂಬ ಹಳಬರ ಲೆಕ್ಕ ಈ ವ್ಯಾನಿಗೂ ಸಲ್ಲುತ್ತದೆ. ತಿರುವಿನಲ್ಲಿ ಕ್ಲಚ್ ಒತ್ತಿ ಹಿಡಿಯುವ ಅಭ್ಯಾಸವಿದ್ದರೆ ಅದನ್ನೂ ಬಿಡಿಸಿ, ಏಕೆಂದರೆ ಕ್ಲಚ್ ಒತ್ತಿದಷ್ಟು ಹೊತ್ತು ಗಾಡಿ ನ್ಯೂಟ್ರಲ್‌ನಲ್ಲಿದ್ದಂತೆಯೇ.

ನ್ಯೂಟ್ರಲ್‌ನಲ್ಲಿ ಡೀಸೆಲ್ ಉಳಿಯುತ್ತದೆ ಎಂಬುದು ನಿಮ್ಮ ಗಾಡಿಯ ಮಟ್ಟಿಗೆ ತಲೆಕೆಳಗಾದ ಲೆಕ್ಕ. ಎಲೆಕ್ಟ್ರಾನಿಕ್ ನಿಯಂತ್ರಣದ ಕಾಮನ್ ರೈಲ್ ಇಂಜಿನ್ನಿನಲ್ಲಿ, ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರುಗಳು ಡೀಸೆಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತವೆ, ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಐಡ್ಲಿಂಗಿಗೆಂದು ಡೀಸೆಲ್ ಸುಡಬೇಕಾಗುತ್ತದೆ.

ಇಳಿಯುವಾಗ ಇಗ್ನಿಷನ್ ಆಫ್ ಮಾಡುವವರನ್ನೂ ಕಂಡಿದ್ದೇನೆ. ಡೀಸೆಲ್ ಗಾಡಿಯಲ್ಲಿ ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬ್ರೇಕ್ ಬೂಸ್ಟರಿಗೆ ನಿರ್ವಾತ ಒದಗಿಸುವ ಪಂಪು ಇಂಜಿನ್ನಿನಿಂದಲೇ ನಡೆಯುತ್ತದೆ. ಇಂಜಿನ್ನು ನಿಂತರೆ ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ಸಲ ಪೆಡಲು ಒತ್ತುವುದರೊಳಗೆ ಮುಗಿದು, ಆಮೇಲೆ ಪೆಡಲು ಕಲ್ಲಿನಂತಾಗುತ್ತದೆ. ಪವರ್ ಸ್ಟೀರಿಂಗು ಭಾರವಾಗುತ್ತದೆ. ಕೀಲಿ ಹೊರಗೆ ಬಂದರೆ ಸ್ಟೀರಿಂಗ್ ಲಾಕ್ ಬೀಳುತ್ತದೆ.

ಬ್ರೇಕನ್ನು ಸದಾ ಹಗುರಾಗಿ ಒತ್ತಿಕೊಂಡಿರುವ ಬದಲು, ಮೂವತ್ತರಿಂದ ಇಪ್ಪತ್ತಕ್ಕೆ ಬರುವಂತೆ ಒಮ್ಮೆ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಟ್ಟುಬಿಡುವುದು ಒಳ್ಳೆಯದು. ಬ್ರೇಕು ಅರ್ಧಕ್ಕರ್ಧ ತಂಪಾಗಿಯೇ ಉಳಿಯುತ್ತದೆ.

ಸ್ಪ್ಯಾನರ್_14:

ಕೊನೆಯ ಮಾತಿಗೆ ಸಣ್ಣ ತಿದ್ದುಪಡಿ. ಸರಾಸರಿ ವೇಗ ಅಷ್ಟೇ ಇದ್ದರೆ, ಬಿಟ್ಟು ಬಿಟ್ಟು ಒತ್ತಿದರೂ ಸದಾ ಒತ್ತಿದರೂ ಬ್ರೇಕಿಗೆ ಬೀಳುವ ಒಟ್ಟು ಶಾಖ ಬಹುತೇಕ ಒಂದೇ. ಗಟ್ಟಿಯಾಗಿ ಒತ್ತುವುದರ ಪ್ರಯೋಜನ ಬೇರೆ: ನಾಲ್ಕೂ ಚಕ್ರಗಳ ಬ್ರೇಕು ಸಮನಾಗಿ ಕೆಲಸ ಹಂಚಿಕೊಳ್ಳುತ್ತದೆ, ಪೆಡಲು ಬದಲಾಗುತ್ತಿರುವುದು ಕಾಲಿಗೆ ಬೇಗ ತಿಳಿಯುತ್ತದೆ. ಶಾಖವನ್ನು ನಿಜವಾಗಿ ತಗ್ಗಿಸುವುದು ಚಿಕ್ಕ ಗೇರು ಮಾತ್ರ.

ಮೂಡಿಗೆರೆ_ಸರಕು:

ವಿವರವಾದ ಉತ್ತರಗಳಿಗೆ ಧನ್ಯವಾದಗಳು. ಪೆಡಲು ಮೆತ್ತಗೇ ಆಗುತ್ತದೆ, ಎರಡು ಮೂರು ಸಲ ಪಂಪ್ ಮಾಡಿದರೆ ಸ್ವಲ್ಪ ಮೇಲೆ ಬರುತ್ತದೆ. ನಿನ್ನೆಯ ಪ್ರಯಾಣದಲ್ಲಿ ಅಣ್ಣಪ್ಪಸ್ವಾಮಿ ಗುಡಿಯ ಬಳಿ ನಿಲ್ಲಿಸಿದಾಗ ಚಕ್ರಗಳನ್ನು ಪರೀಕ್ಷಿಸಿದೆ. ಮುಂದಿನ ಚಕ್ರಗಳ ಹತ್ತಿರ ಕೈ ಒಯ್ಯಲೂ ಆಗಲಿಲ್ಲ, ಆದರೆ ಹಿಂದಿನ ಡ್ರಮ್ಮಿನ ಮೇಲೆ ಅಂಗೈಯನ್ನು ಆರಾಮವಾಗಿ ಇಡಬಹುದಾಗಿತ್ತು. ಹಿಂದೆ ಅಷ್ಟೊಂದು ಲೋಡು ಇರುವಾಗ ಇದು ಸಹಜವೇ?

ಸ್ಪ್ಯಾನರ್_14:

ಸಹಜವಲ್ಲ, ಮತ್ತು ನಿಮ್ಮ ಸಮಸ್ಯೆಯ ಬೇರು ಇಲ್ಲಿಯೇ ಇರುವಂತಿದೆ. ಹಿಂದಿನ ಬ್ರೇಕು ದುಡಿಯುತ್ತಿಲ್ಲ, ಅದರ ಪಾಲನ್ನೂ ಮುಂದಿನ ಡಿಸ್ಕುಗಳೇ ಹೊರುತ್ತಿವೆ. ಎಬಿಎಸ್ ಇಲ್ಲದ ಇಂಥ ಅನೇಕ ವ್ಯಾನುಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಸಣ್ಣ ಸರಳಿನಿಂದ ಜೋಡಿಸಿದ ಒಂದು ವಾಲ್ವು ಇರುತ್ತದೆ. ಅದನ್ನು ಎಲ್‌ಎಸ್‌ಪಿವಿ ಎನ್ನುತ್ತಾರೆ. ಲೋಡು ಬಿದ್ದು ಸ್ಪ್ರಿಂಗು ಕುಗ್ಗಿ ಚಾಸಿ ಕೆಳಗಿಳಿದಷ್ಟೂ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಗಾಡಿ ಖಾಲಿ ಇದ್ದಾಗ ಹಿಂದಿನ ಚಕ್ರ ಜಾಮಾಗಿ ಬಾಲ ತಿರುಗದಿರಲೆಂದು ಒತ್ತಡ ತಗ್ಗಿಸುತ್ತದೆ. ನಿಮ್ಮ ಗಾಡಿಗೆ ಹಿಂದಿನ ಸ್ಪ್ರಿಂಗಿನಲ್ಲಿ ಹೆಚ್ಚುವರಿ ಪ್ಲೇಟು ಹಾಕಿಸಲಾಗಿದೆಯೇ?

ಮೂಡಿಗೆರೆ_ಸರಕು:

ಹೌದು. ಲೋಡಿಗೆ ಗಾಡಿ ಕೂರುತ್ತದೆಂದು ಎರಡೂ ಕಡೆ ಒಂದೊಂದು ಪ್ಲೇಟು ಸೇರಿಸಲಾಗಿದೆ. ಗಾಡಿಯ ಹಿಂಭಾಗ ಈಗ ಮೊದಲಿಗಿಂತ ಎತ್ತರವಾಗಿದೆ.

ಸ್ಪ್ಯಾನರ್_14:

ಹಾಗಾದರೆ ವಾಲ್ವಿನ ಲೆಕ್ಕದಲ್ಲಿ ನಿಮ್ಮ ಗಾಡಿ ತುಂಬಿದ್ದರೂ ಖಾಲಿ. ಅದಕ್ಕೆ ತೂಕ ಗೊತ್ತಾಗುವುದಿಲ್ಲ, ಎತ್ತರವಷ್ಟೇ ಗೊತ್ತಾಗುತ್ತದೆ. ಪ್ಲೇಟು ಸೇರಿಸುವ ಕಡೆ ಈ ವಾಲ್ವನ್ನು ಮರುಹೊಂದಿಸುವವರು ಅಪರೂಪ, ಹೆಚ್ಚಿನವರಿಗೆ ಅದು ಅಲ್ಲಿದೆ ಎಂಬುದೇ ಗಮನಕ್ಕೆ ಬಂದಿರುವುದಿಲ್ಲ.

ನೋಡಬೇಕಾದ್ದು ಇಷ್ಟು. ವಾಲ್ವಿನ ಸರಳು ಸಲೀಸಾಗಿ ಆಡುತ್ತದೆಯೇ, ತುಕ್ಕು ಹಿಡಿದು ಕಚ್ಚಿಕೊಂಡಿದೆಯೇ, ಯಾರಾದರೂ ತಂತಿಯಿಂದ ಕಟ್ಟಿಹಾಕಿದ್ದಾರೆಯೇ ಎಂಬುದನ್ನು ಗಾಡಿಯ ಕೆಳಗೆ ಮಲಗಿ ಕಣ್ಣಾರೆ ನೋಡಿ. ಡ್ರಮ್ಮು ಬಿಚ್ಚಿಸಿ ಲೈನಿಂಗಿನ ದಪ್ಪ, ವೀಲ್ ಸಿಲಿಂಡರಿನ ಸೋರಿಕೆ ಮತ್ತು ಲೈನಿಂಗು ಸವೆದಂತೆ ಅಂತರವನ್ನು ತಾನಾಗಿ ಸರಿಪಡಿಸುವ ಆಟೋ ಅಡ್ಜಸ್ಟರ್ ನೋಡಿ. ಹ್ಯಾಂಡ್ ಬ್ರೇಕು ಮೊದಲಿಗಿಂತ ಬಹಳ ಮೇಲಕ್ಕೆ ಬರುತ್ತಿದ್ದರೆ ಅಡ್ಜಸ್ಟರ್ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಇನ್ನೊಂದು ಸೂಕ್ಷ್ಮವಿದೆ: ಜಾಕಿನಲ್ಲಿ ಚಾಸಿಯನ್ನು ಎತ್ತಿ, ಹಿಂದಿನ ಚಕ್ರಗಳು ನೇತಾಡುತ್ತಿರುವಾಗ ಆಯಿಲ್ ಬದಲಿಸಿದರೆ, ವಾಲ್ವು ದಾರಿಯನ್ನು ಬಹುಮಟ್ಟಿಗೆ ಮುಚ್ಚಿಬಿಡುವುದರಿಂದ ಹಿಂದಿನ ಲೈನಿನ ಹಳೆಯ ಆಯಿಲ್ ಹೊರಗೆ ಬರುವುದೇ ಇಲ್ಲ. ಗಾಡಿಯ ಭಾರ ಚಕ್ರಗಳ ಮೇಲೆಯೇ ಇರುವಂತೆ, ಕೈಪಿಡಿ ಹೇಳಿದ ಕ್ರಮದಲ್ಲಿ ಕೆಲಸ ಮಾಡಿಸಿ.

ವಾಲ್ವನ್ನು ಕಣ್ಣಂದಾಜಿನಲ್ಲಿ ತಿರುಗಿಸಲು ಯಾರಿಗೂ ಬಿಡಬೇಡಿ. ಒತ್ತಡ ಹೆಚ್ಚಾದರೆ ಖಾಲಿ ಗಾಡಿ ಮಳೆಯ ರಸ್ತೆಯಲ್ಲಿ ಅಡ್ಡ ತಿರುಗುತ್ತದೆ. ಪ್ರೆಷರ್ ಗೇಜು ಇರುವ ಕಡೆ, ತಯಾರಕರ ಅಳತೆಯಂತೆಯೇ ಹೊಂದಿಸಬೇಕು. ನನ್ನ ಮಾತು ಕೇಳುವುದಾದರೆ ಹೆಚ್ಚುವರಿ ಪ್ಲೇಟನ್ನು ತೆಗೆಸಿ, ಪರ್ಮಿಟ್ಟಿನಷ್ಟೇ ಲೋಡು ಹಾಕುವುದು ಇದಕ್ಕಿಂತ ಸುಲಭ.

ಕರಾವಳಿ_ಚಾಲಕ:

ರಿಪೇರಿ ಆಗುವವರೆಗೆ ತುಂಬಿದ ಗಾಡಿಯನ್ನು ಘಾಟಿಗೆ ಇಳಿಸಬೇಡಿ ಎಂದು ನಿಮ್ಮ ಚಾಲಕರಿಗೆ ತಿಳಿಸಿ. ಯಾವುದೇ ಗಾಡಿಯಲ್ಲಿ ಪೆಡಲು ಪೂರ್ತಿ ಕೈಕೊಟ್ಟರೆ ಮಾಡಬೇಕಾದ್ದನ್ನೂ ಅವರು ತಿಳಿದಿರಲಿ: ಪೆಡಲನ್ನು ಬಿಡದೆ ಪಂಪ್ ಮಾಡುತ್ತಾ, ಒಂದೊಂದೇ ಗೇರು ಕೆಳಗಿಳಿಸುತ್ತಾ, ಹ್ಯಾಂಡ್ ಬ್ರೇಕಿನ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪವಾಗಿ ಎಳೆಯಬೇಕು. ಹ್ಯಾಂಡ್ ಬ್ರೇಕು ಕೇಬಲ್ಲಿನಿಂದ ನಡೆಯುವುದರಿಂದ ಆಯಿಲ್ ಕುದಿದಿದ್ದರೂ ಅದು ಕೆಲಸ ಮಾಡುತ್ತದೆ. ಒಮ್ಮೆಲೇ ಜಗ್ಗಿದರೆ ಮಾತ್ರ ಹಿಂದಿನ ಚಕ್ರ ಜಾಮಾಗುತ್ತದೆ. ಆಗಲೂ ನಿಲ್ಲದಿದ್ದರೆ ಕಣಿವೆಯ ಬದಿಯನ್ನು ಬಿಟ್ಟು ಗುಡ್ಡದ ಬದಿಯ ಚರಂಡಿಗೆ ಉಜ್ಜಿಸಿ ನಿಲ್ಲಿಸಬೇಕು.

ಮತ್ತೆರಡು ಸಂಗತಿ. ಇಕ್ಕಟ್ಟಾದ ಕಡೆ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕೆಂದು ರಸ್ತೆ ನಿಯಮಗಳಲ್ಲಿಯೇ ಇದೆ. ಮಂಜಿನಲ್ಲಿ ಲೋ ಬೀಮ್ ಹಾಕಿ ಓಡಿಸಿ. ಹಜಾರ್ಡ್ ದೀಪ ಹಾಕಿಕೊಂಡು ಓಡಿಸಿದರೆ ನೀವು ಯಾವ ಕಡೆ ತಿರುಗುತ್ತೀರೆಂದು ಹಿಂದಿನವರಿಗೆ ತಿಳಿಯುವುದಿಲ್ಲ.

ಮೂಡಿಗೆರೆ_ಸರಕು:

ಕೆಲಸ ಮುಗಿಯಿತು. ವಾಲ್ವಿನ ಸರಳಿನ ಕೀಲು ಕೆಸರು ಮತ್ತು ತುಕ್ಕಿನಿಂದ ಪೂರ್ತಿ ಕಚ್ಚಿಕೊಂಡಿತ್ತು; ಬಲಗಡೆಯ ಡ್ರಮ್ಮಿನಲ್ಲಿ ಅಡ್ಜಸ್ಟರ್ ಕೂಡ ತಿರುಗುತ್ತಿರಲಿಲ್ಲ. ಹಿಂದಿನ ಲೈನಿನಿಂದ ಬಂದ ಆಯಿಲ್ ಕಪ್ಪಗಿತ್ತು. ಹೆಚ್ಚುವರಿ ಪ್ಲೇಟು ತೆಗೆಸಿ, ಹೊಸ ವಾಲ್ವನ್ನು ಗೇಜು ಹಾಕಿ ಹೊಂದಿಸಿ, ಡಾಟ್ 4 ಆಯಿಲ್ ತುಂಬಿಸಲಾಗಿದೆ. ಬಳಿಕ ಎರಡನೇ ಮತ್ತು ಮೂರನೇ ಗೇರಿನಲ್ಲಿ ಲೋಡು ಸಮೇತ ಇಳಿಸಿದೆವು. ಘಾಟಿಯ ಬುಡದವರೆಗೂ ಪೆಡಲು ಒಂದೇ ಮಟ್ಟದಲ್ಲಿತ್ತು, ಹಿಂದಿನ ಡ್ರಮ್ಮುಗಳೂ ಈಗ ಚೆನ್ನಾಗಿ ಬಿಸಿಯಾಗುತ್ತಿವೆ. ಚಾಲಕರು ಇಂಜಿನ್ನಿನ ಸದ್ದಿಗೆ ಇನ್ನೂ ಒಗ್ಗಿಲ್ಲ, ಆದರೆ ಡೀಸೆಲ್ ಖರ್ಚು ಹೆಚ್ಚಾಗಿಲ್ಲವೆಂದು ಒಪ್ಪಿದ್ದಾರೆ. ಗಟ್ಟಿಯಾಗಿ ಬ್ರೇಕು ಒತ್ತಿದಾಗ ಗಾಡಿ ತುಸು ಎಡಕ್ಕೆ ಎಳೆಯುತ್ತದೆ, ಅದೊಂದು ಉಳಿದಿದೆ.

ಸ್ಪ್ಯಾನರ್_14:

ಎರಡೂ ಕಡೆ ಟೈರಿನ ಗಾಳಿ ಸಮನಾಗಿದೆಯೇ ಎಂದು ಮೊದಲು ನೋಡಿ. ಅದು ಸರಿಯಿದ್ದರೆ ಬಲಗಡೆಯ ಮುಂದಿನ ಕ್ಯಾಲಿಪರು ಜಾರಿ ಆಡಲು ಇರುವ ಸ್ಲೈಡ್ ಪಿನ್ನುಗಳನ್ನು ಬಿಚ್ಚಿಸಿ. ಎಡಕ್ಕೆ ಎಳೆಯುತ್ತದೆ ಎಂದರೆ ಬಲಗಡೆಯದು ಸರಿಯಾಗಿ ಹಿಡಿಯುತ್ತಿಲ್ಲ ಎಂದಾಗುತ್ತದೆ, ಮತ್ತು ಇಷ್ಟು ಕಾದ ಗಾಡಿಯಲ್ಲಿ ಪಿನ್ನಿನ ಗ್ರೀಸು ಒಣಗಿರುವುದೇ ಹೆಚ್ಚು. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸು ರಬ್ಬರನ್ನು ಉಬ್ಬಿಸುತ್ತದೆ. ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸನ್ನೇ ಕೇಳಿ ಹಾಕಿಸಿ.