ವಿಮೆ ಇಲ್ಲದ ಕಾರು ಡಿಕ್ಕಿ ಹೊಡೆದರೆ ಪರಿಹಾರವನ್ನು ಯಾರಿಂದ ಕೇಳಬೇಕು?

ಪ್ರಶ್ನೆ: ಗುಬ್ಬಿ ಗೇಟ್ ನಿವಾಸಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ನಮ್ಮ ಭಾವನವರು ನಸುಕಿನಲ್ಲಿ ಎರಡು ಮೂಟೆ ಸೇವಂತಿಗೆಯನ್ನು ಬೈಕಿಗೆ ಕಟ್ಟಿಕೊಂಡು ಅಂತರಸನಹಳ್ಳಿ ಮಾರುಕಟ್ಟೆಗೆ ಹೋಗುತ್ತಿದ್ದಾಗ ಹಿಂದಿನಿಂದ ಕಾರೊಂದು ಡಿಕ್ಕಿ ಹೊಡೆಯಿತು. ಅವರ ಬಲಗಾಲಿನ ಮೂಳೆ ಎರಡು ಕಡೆ ಮುರಿದಿದೆ. ಕಾರಿನವರು ಓಡಿಹೋಗಲಿಲ್ಲ, ಆಸ್ಪತ್ರೆಗೆ ಸೇರಿಸಿದವರೂ ಅವರೇ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆದರೆ ಠಾಣೆಯಲ್ಲಿ ಅವರು ತೆಗೆದುಕೊಟ್ಟ, ಮಡಿಕೆಯ ಗೆರೆಗಳಲ್ಲಿ ಅಕ್ಷರ ಅಳಿಸಿಹೋಗಿದ್ದ ಜೆರಾಕ್ಸ್ ಪ್ರತಿಯನ್ನು ಬಿಡಿಸಿ ನೋಡಿದರೆ ಪಾಲಿಸಿಯ ಅವಧಿ ಐದು ತಿಂಗಳ ಹಿಂದೆಯೇ ಮುಗಿದಿತ್ತು. ಸಾಲದ ಕಂತು ತೀರುವವರೆಗೆ ಫೈನಾನ್ಸಿನವರೇ ನೆನಪಿಸುತ್ತಿದ್ದರು, ಆಮೇಲೆ ಮರೆತುಹೋಯಿತು ಎಂದರು. ಕಾರು ಇನ್ನೂ ಠಾಣೆಯ ಆವರಣದಲ್ಲಿದೆ. ಬಿಡಿಸಿಕೊಳ್ಳಲು ಅರ್ಜಿ ಹಾಕಿದ್ದಾರೆಂದು ತಿಳಿದುಬಂತು. ಪರಿಹಾರವನ್ನು ನಾವು ಯಾರಿಂದ ಕೇಳಬೇಕು? ಕಡ್ಡಾಯವೆಂದು ಕಾನೂನೇ ಹೇಳುವ ವಿಮೆ ಇಲ್ಲದೆ ಒಂದು ಕಾರು ಐದು ತಿಂಗಳು ಬಿ.ಎಚ್. ರಸ್ತೆಯಲ್ಲಿ ಓಡಾಡಲು ಹೇಗೆ ಸಾಧ್ಯವಾಯಿತು?

ಉತ್ತರ 1: ವಕೀಲರು, ತುಮಕೂರು

ಮೊದಲು ತುರ್ತಿನ ವಿಷಯ. ಕಾರನ್ನು ಬಿಡುವ ಮುನ್ನ ನಿಮ್ಮ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಆಕ್ಷೇಪಣೆ ಸಲ್ಲಿಸಿರಿ. ಅಪಘಾತ ಮಾಡಿದ ವಾಹನಕ್ಕೆ ವಿಮೆ ಇರದಿದ್ದರೆ, ಮಾಲೀಕರು ಪರಿಹಾರಕ್ಕೆ ಸಾಕಾಗುವಷ್ಟು ಭದ್ರತೆ ಒದಗಿಸದ ಹೊರತು ಅದನ್ನು ಬಿಡಬಾರದು, ಇಲ್ಲವಾದರೆ ಮೂರು ತಿಂಗಳ ನಂತರ ಹರಾಜು ಹಾಕಿ ಬಂದ ಹಣವನ್ನು ಪರಿಹಾರದ ಅರ್ಜಿ ವಿಚಾರಿಸುವ ನ್ಯಾಯಮಂಡಳಿಯಲ್ಲಿ ಇಡಬೇಕು ಎಂಬ ನಿಯಮವನ್ನು ಎಲ್ಲ ರಾಜ್ಯಗಳೂ ತರಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ನಿರ್ದೇಶಿಸಿತು. ಹೆಚ್ಚಿನ ಗಾಯಾಳುಗಳ ಮನೆಯವರು ಆಸ್ಪತ್ರೆಯ ಓಡಾಟದಲ್ಲೇ ಮುಳುಗಿರುವುದರಿಂದ ಈ ಹಂತ ಅವರ ಗಮನಕ್ಕೆ ಬರುವುದೇ ಇಲ್ಲ, ಕಾರು ಹೊರಗೆ ಹೋದ ಮೇಲೆ ಕೈಗೆ ಸಿಗುವ ಆಸ್ತಿ ಯಾವುದೂ ಉಳಿಯುವುದಿಲ್ಲ.

ಪರಿಹಾರದ ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ, ಚಾಲಕ ಮತ್ತು ಮಾಲೀಕ ಇಬ್ಬರ ಮೇಲೂ ಹಾಕಬೇಕು. 2022ರ ಏಪ್ರಿಲ್ 1ರಿಂದ ಇದಕ್ಕೆ ಆರು ತಿಂಗಳ ಕಾಲಮಿತಿ ಇದೆ. ಎರಡು ತಿಂಗಳು ಆಗಲೇ ಕಳೆದಿವೆ. ತೀರ್ಪಾದ ಮೇಲೂ ಮಾಲೀಕರು ಹಣ ಕಟ್ಟದಿದ್ದರೆ ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿಗಳ ಮೂಲಕ ವಸೂಲು ಮಾಡಿಸಲು ಮೋಟಾರು ವಾಹನ ಕಾಯ್ದೆಯ 174ನೇ ಕಲಮಿನಲ್ಲಿ ಅವಕಾಶವಿದೆ. ದಾರಿ ನಿಧಾನದ್ದು, ಆದರೆ ಇದೆ.

ಉತ್ತರ 2: ವಿಮಾ ಏಜೆಂಟ್, ಶಿರಾ

ನಿಮ್ಮ ಎರಡನೆಯ ಪ್ರಶ್ನೆ ನಾನು ದಿನವೂ ಎದುರಿಸುವಂಥದ್ದು. 1000ದಿಂದ 1500 ಸಿಸಿ ಕಾರಿನ ಥರ್ಡ್ ಪಾರ್ಟಿ, ಅಂದರೆ ನಮ್ಮ ವಾಹನದಿಂದ ಇತರರಿಗಾಗುವ ಹಾನಿಯನ್ನು ತುಂಬಿಕೊಡುವ ಕಡ್ಡಾಯ ವಿಮೆಯ ಪ್ರೀಮಿಯಂ 2022ರ ಜೂನ್‌ನಲ್ಲಿ ನಿಗದಿಯಾದಂತೆ ತೆರಿಗೆ ಬಿಟ್ಟು ವರ್ಷಕ್ಕೆ 3,416 ರೂಪಾಯಿ. ವಿಮೆ ಇಲ್ಲದೆ ಸಿಕ್ಕಿಬಿದ್ದರೆ 196ನೇ ಕಲಮಿನ ಪ್ರಕಾರ ಮೊದಲ ಸಲ ದಂಡ 2,000 ರೂಪಾಯಿ, ಮತ್ತೆ ಸಿಕ್ಕರೆ 4,000. ಮೂರು ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದ್ದರೂ ಅದಕ್ಕೆ ಹೆದರಿ ನನ್ನ ಬಳಿ ಪಾಲಿಸಿ ಮಾಡಿಸಲು ಬಂದವರನ್ನು ನಾನು ಕಂಡಿಲ್ಲ. ದಂಡವೇ ಪ್ರೀಮಿಯಂಗಿಂತ ಕಡಿಮೆ ಇರುವಾಗ, ಸಿಕ್ಕಾಗ ಕಟ್ಟಿದರಾಯಿತು ಎಂದು ಮನೆಯಲ್ಲಿ ಕೂತು ಲೆಕ್ಕ ಹಾಕುವವರಿಗೆ ಏನೆಂದು ಹೇಳಲಿ?

ಇನ್ನೊಂದು ಕಾರಣವೂ ಇದೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸಬೇಕು. ಒಳ್ಳೆಯ ಕ್ರಮವೇ, ಆದರೆ ಆ ಅವಧಿ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಕಟ್ಟುವ ಅಭ್ಯಾಸವೇ ತಪ್ಪಿಹೋಗಿರುತ್ತದೆ, ಎಷ್ಟೋ ಕಾರುಗಳು ಅಷ್ಟರಲ್ಲಿ ಎರಡನೆಯವರ ಕೈ ಸೇರಿರುತ್ತವೆ. ಕಾರು ಮಾರಿದವರಿಗೂ ಒಂದು ಮಾತು: ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಹೆಸರು ಬದಲಾಗುವವರೆಗೆ ಪರಿಹಾರದ ಹೊಣೆ ಹೆಸರಿರುವವರ ಮೇಲೆಯೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ.

ಉತ್ತರ 3: ನಿವೃತ್ತ ಶಿಕ್ಷಕ, ಕ್ಯಾತ್ಸಂದ್ರ

ದಂಡ ಹೆಚ್ಚಿಸಿದರೆ ಸಾಕೆಂದು ನನಗೆ ಅನ್ನಿಸುವುದಿಲ್ಲ. ಪೊಲೀಸರು ಕೈ ತೋರಿಸಿ ನಿಲ್ಲಿಸಿದ ವಾಹನವನ್ನಷ್ಟೇ ಪರಿಶೀಲಿಸುವ ಪದ್ಧತಿಯಲ್ಲಿ, ನಿಲ್ಲಿಸದ ಸಾವಿರ ವಾಹನಗಳು ಹಾಗೆಯೇ ಹೋಗುತ್ತವೆ. ನಮ್ಮೂರ ಟೋಲಿನಲ್ಲಿ ಪ್ರತಿಯೊಂದು ಕಾರಿನ ಸಂಖ್ಯೆಯೂ ದಾಖಲಾಗುತ್ತದೆ, ವಿಮೆಯ ಅವಧಿ ಸರ್ಕಾರದ ವಾಹನ ನೋಂದಣಿಯ ‘ವಾಹನ್’ ದತ್ತಾಂಶದಲ್ಲಿ ಇದೆ; ಎರಡನ್ನೂ ಹೋಲಿಸಿ ಇ-ಚಲನ್ ಕಳಿಸುವ ವ್ಯವಸ್ಥೆಯನ್ನು ಒಡಿಶಾ ಮತ್ತು ಬಿಹಾರದಲ್ಲಿ ಜಾರಿಗೆ ತಂದಿದ್ದಾರೆ. ಬ್ರಿಟನ್ನಿನಲ್ಲಿ ಇನ್ನೂ ಮುಂದೆ ಹೋಗಿ, 2011ರಿಂದ ರಸ್ತೆಗಿಳಿಸದ ಕಾರಿಗೂ ವಿಮೆ ಇರಬೇಕು, ಇಲ್ಲವೇ ಅದನ್ನು ಓಡಿಸುವುದಿಲ್ಲವೆಂದು ಮಾಲೀಕರು ಅಧಿಕೃತವಾಗಿ ತಿಳಿಸಿರಬೇಕು ಎಂದು ಮಾಡಿದ್ದಾರೆ. ದತ್ತಾಂಶದಲ್ಲಿ ವಿಮೆ ಕಾಣದಿದ್ದರೆ ಮೊದಲು ಮನೆಗೆ ಪತ್ರ ಬರುತ್ತದೆ. ನಿಮಗೆ ಡಿಕ್ಕಿ ಹೊಡೆದವರು ಕೆಟ್ಟವರಲ್ಲ, ಮರೆತವರು. ಐದು ತಿಂಗಳಲ್ಲಿ ಅಂಥದ್ದೊಂದು ಪತ್ರ ಅವರಿಗೆ ಬಂದಿದ್ದರೆ ಕಟ್ಟಿರುತ್ತಿದ್ದರು ಎಂದೇ ನಂಬುತ್ತೇನೆ. ಪತ್ರ ಬಂದ ಮೇಲೂ ಕಟ್ಟದವರ ಕಾರನ್ನು ಅಪಘಾತಕ್ಕೆ ಕಾಯದೆ ರಸ್ತೆಯಲ್ಲೇ ವಶಪಡಿಸಿಕೊಳ್ಳಲಿ. ಕಾರು ಕೈತಪ್ಪುವ ಭಯ ಎರಡು ಸಾವಿರ ರೂಪಾಯಿಯ ಭಯಕ್ಕಿಂತ ದೊಡ್ಡದು.

ಪ್ರಶ್ನೆ ಕೇಳಿದವರು

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ವಕೀಲರೇ, ನಿಮ್ಮ ಉತ್ತರ ಓದಿದ ಮರುದಿನವೇ ನ್ಯಾಯಾಲಯಕ್ಕೆ ಹೋದೆವು. ಬಿಡುಗಡೆಯ ಅರ್ಜಿಯ ಮೇಲೆ ಇನ್ನೂ ಆದೇಶವಾಗಿರಲಿಲ್ಲ, ನಮ್ಮ ಆಕ್ಷೇಪಣೆಯನ್ನು ಸಲ್ಲಿಸಿದ್ದೇವೆ. ಭಾವನವರ ಆಸ್ಪತ್ರೆಯ ಬಿಲ್ಲುಗಳ ಜೊತೆಗೆ ಮಾರುಕಟ್ಟೆಯ ಮಂಡಿಯವರು ಕೊಟ್ಟ ಹೂವಿನ ಚೀಟಿಗಳನ್ನೂ ಅಕ್ಕ ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ದಿನದ ಸಂಪಾದನೆಯನ್ನು ತೋರಿಸಲು ಆ ಚೀಟಿಗಳು ನ್ಯಾಯಮಂಡಳಿಯಲ್ಲಿ ಸಾಕಾಗುತ್ತವೆಯೇ, ಅಥವಾ ಮಂಡಿಯವರನ್ನೇ ಸಾಕ್ಷಿಯಾಗಿ ಕರೆಸಬೇಕೇ?