ಫಿಶಿಂಗ್‌ಗೆ ಗಾಳ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ಹಳೆಯ ಯಕ್ಷಗಾನ ಪ್ರಸಂಗಗಳ ಓಲೆಗರಿ, ಕಡತಗಳನ್ನು ಸ್ಕ್ಯಾನ್ ಮಾಡಿ ಇಡುವ ಕೆಲಸ ನನ್ನದು. ಮೊನ್ನೆ ಕಂಪ್ಯೂಟರ್ ಪಕ್ಕ ಒಂದು ಚೀಟಿ ಅಂಟಿಸಿದೆ: 'ಫಿಶಿಂಗ್ ಬಗ್ಗೆ ಎಚ್ಚರ'. ಸುಳ್ಳು ಇಮೇಲ್ ಕಳಿಸಿ ಪಾಸ್‌ವರ್ಡ್ ಕದಿಯುತ್ತಾರಲ್ಲ, ಆ ಫಿಶಿಂಗ್. ಮಲ್ಪೆಯಿಂದ ಬರುವ ಸಹೋದ್ಯೋಗಿ ಓದಿ, "ಜೂನ್ ಒಂದು ಇನ್ನೂ ಆಗ್ಲಿಲ್ಲ ಅಲ್ವಾ?" ಎಂದರು. ಇಲ್ಲಿ ಜೂನ್, ಜುಲೈ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಅವರದು ತಪ್ಪಲ್ಲ. ಇಂಗ್ಲಿಷಿನವರು ಎಫ್ ತೆಗೆದು ಪಿಎಚ್ ಹಾಕಿ ಎರಡನ್ನೂ ಬೇರೆ ಮಾಡಿಕೊಂಡರು. ನಮ್ಮ ಲಿಪಿಯಲ್ಲಿ ಎರಡೂ ಫಿಶಿಂಗೇ.

'ವಂಚನೆ ಇಮೇಲ್' ಎಂದು ಬರೆಯಬಹುದಿತ್ತು. ನನಗೆ ಒಪ್ಪಿಗೆಯಾಗಲಿಲ್ಲ. ವಂಚನೆ ಅಂದರೆ ಮೋಸ ಆಗಿ ಮುಗಿದ ಹಾಗೆ ಕೇಳುತ್ತದೆ. ಮೋಸ ಹೋದೆ ಅಂತ ಯಾರು ತಾನೇ ಬಾಯಿಬಿಡುತ್ತಾರೆ? 'ಗಾಳ' ಅಂದರೆ ಅದು ಇನ್ನೂ ನೀರಿನಲ್ಲಿದೆ. "ಇವತ್ತು ಒಂದು ಗಾಳ ಬಂತು" ಎಂದು ಸಂಕೋಚವಿಲ್ಲದೆ ಹೇಳಬಹುದು. ಪದವೂ ಹಳೆಯದೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಕೋಶದಲ್ಲೂ ಗಾಳ ಮೀನು ಹಿಡಿಯುವ ಕೊಕ್ಕೆಯೇ.

ಆದರೆ ಮಲ್ಪೆಯವರು ಬಿಡಬೇಕಲ್ಲ. ಗಾಳಕ್ಕೆ ಬೀಳುವುದು ಒಂದು ಮೀನು, ಬಲೆಗೆ ಬೀಳುವುದು ರಾಶಿ, ಎರಡೂ ಒಂದಾ ಎಂದು ಕೇಳಿದರು. ಸರಿಯಾದ ಮಾತು. 'ನಿಮ್ಮ ಖಾತೆ ಬಂದ್ ಆಗಿದೆ' ಎಂದು ಸಾವಿರಾರು ಜನರಿಗೆ ಒಟ್ಟಿಗೆ ಬರುವುದು ಬೀಸುಬಲೆ. ನಮ್ಮ ಕೆಲಸ ಗೊತ್ತಿದ್ದು, ನಮಗೆಂದೇ ಬರೆದದ್ದು ಗಾಳ.

ನಮಗೆ ಬಂದದ್ದು ಈ ಎರಡನೆಯದು. 'ನಮ್ಮ ಅಜ್ಜನ ಕಾಲದ ಕಡತ ಲಗತ್ತಿಸಿದ್ದೇವೆ, ನೋಡಿ ಹೇಳಿ' ಎಂದು ಇಮೇಲ್. ಬೇರೆ ಕಚೇರಿಯಲ್ಲಿ ಕಡತ ಅಂದರೆ ಫೈಲು. ನಮಗೆ ಅದು ಬಳಪದಲ್ಲಿ ಬರೆದ, ಮಡಚಿಡುವ ಕಪ್ಪು ಬಟ್ಟೆಯ ಪುಸ್ತಕ. ಒತ್ತದೆ ಇರುವುದು ಹೇಗೆ? ಒತ್ತಿದ ಮೇಲೆ ಪಾಸ್‌ವರ್ಡ್ ಕೇಳಿತು. ಕೊಟ್ಟದ್ದು ನಾನೇ. ಹತ್ತು ನಿಮಿಷದೊಳಗೆ ಬದಲಾಯಿಸಿದೆ, ಬಚಾವ್.

ನಮ್ಮ ಹತ್ತಿರ ಕದಿಯಲು ಏನಿದೆ ಅಂತ ಸುಮ್ನೆ ಇರುವ ಹಾಗೂ ಇಲ್ಲ. 2023ರ ಅಕ್ಟೋಬರಿನಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಗೆ ಕನ್ನ ಬಿತ್ತು. ಹೊರಗಿನವರು ಒಳಬರಲು ಇದ್ದ ಸರ್ವರ್‌ನಲ್ಲಿ ಪಾಸ್‌ವರ್ಡ್ ಜೊತೆ ಒಟಿಪಿಯಂಥ ಎರಡನೇ ಪರೀಕ್ಷೆ ಇರಲಿಲ್ಲ. ಕಳ್ಳರು ಕೇಳಿದ ಹಣವನ್ನು ಲೈಬ್ರರಿ ಕೊಡಲಿಲ್ಲ. ಅವರು ಸುಮಾರು 600 ಜಿಬಿ ಮಾಹಿತಿ ಬಯಲಿಗೆ ಹಾಕಿದರು. ಓದುಗರಿಗೆ ಆನ್‌ಲೈನ್ ಕ್ಯಾಟಲಾಗ್ ಮತ್ತೆ ಸಿಕ್ಕಿದ್ದು 2024ರ ಜನವರಿಯಲ್ಲಿ.

ಈಗ ನನ್ನ ಅನುಮಾನಗಳು. ಪೇಪರಿನಲ್ಲಿ 'ಶಾಸಕರಿಗೆ ಗಾಳ' ಎಂದು ಬರುತ್ತಿರುತ್ತದೆ. ಆ ಅರ್ಥ ಇಲ್ಲಿ ಅಡ್ಡ ಬರುತ್ತದೆಯೇ? ನನಗೇನೋ ಉಪಕಾರವೇ ಅನ್ನಿಸುತ್ತದೆ, ಅಲ್ಲಿಯೂ ಆಸೆ ತೋರಿಸಿ ಎಳೆಯುವುದೇ ತಾನೆ? ಇನ್ನೊಂದು, ಗಾಳಕ್ಕೆ ಸಿಕ್ಕಿಸುವ 'ಎರೆ'. ನಮ್ಮ ವಿಷಯದಲ್ಲಿ ಆ ಅಜ್ಜನ ಕಡತವೇ ಎರೆ. ಆದರೆ ಬಯಲುಸೀಮೆಯವರಿಗೆ ಎರೆ ಅಂದರೆ ಕಪ್ಪು ಮಣ್ಣು. ಅಲ್ಲಿ ಮೀನಿಗೆ ಹಾಕುವುದಕ್ಕೆ ಏನೆನ್ನುತ್ತೀರಿ? ಕೆರೆಯಲ್ಲಿ ಗಾಳ ಹಾಕಿ ಗೊತ್ತಿರುವವರು ಯಾರಾದರೂ ಹೇಳಿ. ಚೀಟಿ ಇನ್ನೂ ಹಾಗೇ ಇದೆ, ಮಲ್ಪೆಯವರು ದಿನಾ ನೋಡಿ ನಗುತ್ತಾರೆ.